ಕ್ಯಾಪ್ಟನ್ ಸೈನ್ ಆದ್ಮೇಲೆ ಬಾಕ್ಸ್ ಜಾಗ ಬದಲಾದ್ರೆ?

ಪ್ರಶ್ನೆ: ಸರ್, ದೇವನಹಳ್ಳಿ ಏರ್‌ಪೋರ್ಟಲ್ಲಿ ಲೋಡ್ ಕಂಟ್ರೋಲ್‌ಗೆ (ವಿಮಾನದಲ್ಲಿ ಯಾವ ಸಾಮಾನು ಎಲ್ಲಿ, ಎಷ್ಟು ತೂಕ ಅಂತ ನೋಡ್ಕೊಳ್ಳೋ ವಿಭಾಗ) ಸೇರಿ 4 ತಿಂಗಳಾಯ್ತು. ಮೊನ್ನೆ ನೋಟಾಕ್‌ಗೆ (ವಿಮಾನದಲ್ಲಿ ಅಪಾಯಕಾರಿ ಸಾಮಾನು ಏನಿದೆ, ಎಲ್ಲಿದೆ ಅಂತ ಕ್ಯಾಪ್ಟನ್‌ಗೆ ಕೊಡೋ ಪೇಪರ್) ಕ್ಯಾಪ್ಟನ್ ಸೈನ್ ಹಾಕಿದ್ಮೇಲೆ ಪೇಂಟ್ ಬಾಕ್ಸ್‌ಗಳನ್ನ ಹಿಂದಿನ ಹೋಲ್ಡಿಂದ (ಸಾಮಾನಿಡೋ ಜಾಗ) ತೆಗ್ದು ಮುಂದಿನದಕ್ಕೆ ಹಾಕಿದ್ರು. ಸೀನಿಯರು "ಅದೇ ಫ್ಲೈಟ್ ತಾನೆ ಬಿಡೋ, ಲೇಟಾಗತ್ತೆ" ಅಂದ್ರು, ಬಿಟ್ಟೆ. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ. ತಪ್ಪು ಮಾಡಿದ್ನಾ?

ಉತ್ತರ: ತಪ್ಪೇ ಆಯ್ತು. ಆದ್ರೆ ಮನಸ್ಸಿಗೆ ಚುಚ್ಚಿ ಕೇಳಿದ್ರಲ್ಲ, ಅದಕ್ಕೆ ಖುಷಿ ಆಯ್ತು ನಂಗೆ. ನೋಡಿ, ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿ ಪೇಂಟ್ ಅಂದ್ರೆ ಯುಎನ್ 1263, ಕ್ಲಾಸ್ 3, ಬೆಂಕಿ ಹತ್ತೋ ದ್ರವ. ಮೇಲೆ ಹೋದ್ಮೇಲೆ ಮುಂದಿನ ಹೋಲ್ಡಲ್ಲಿ ಹೊಗೆ ಅಂತ ವಾರ್ನಿಂಗ್ ಬಂತು ಅಂದ್ಕೊಳ್ಳಿ, ಕ್ಯಾಪ್ಟನ್ ನೋಟಾಕ್ ನೋಡ್ತಾರೆ, ಅದ್ರಲ್ಲಿ ಮುಂದೆ ಏನೂ ಇಲ್ಲ ಅಂತಿರತ್ತೆ, ಅವ್ರು ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣದವ್ರಿಗೆ) ಹೇಳೋದೂ ಅದನ್ನೇ, ಕೆಳಗೆ ಕಾಯ್ತಿರೋ ಫೈರ್‌ನವ್ರು ನಂಬೋದೂ ಅದನ್ನೇ. ಅಷ್ಟೂ ಜನಕ್ಕೆ ನಾವೇ ಸುಳ್ಳು ಹೇಳಿದ ಹಾಗೆ. ಇನ್ನೊಂದು, ಮುಂದೆ ಅದರ ಪಕ್ಕದಲ್ಲೇ ಕ್ಲಾಸ್ 5.1 ಆಕ್ಸಿಡೈಸರ್ (ಬೆಂಕಿ ಜೋರು ಮಾಡೋ ವಸ್ತು) ಇದ್ದಿದ್ರೆ? ಅವೆರಡನ್ನ ದೂರ ಇಡಲೇಬೇಕು, ಅದನ್ನ ಯಾರು ಚೆಕ್ ಮಾಡಿದ್ರು?

ಪೇಪರ್ ಒಂದು, ಸಾಮಾನು ಇನ್ನೊಂದು ಆದ್ರೆ ಏನಾಗತ್ತೆ ಅನ್ನೋದಕ್ಕೆ 1996ರ ಮೇ 11 ನೆನಪಿಟ್ಕೊಳ್ಳಿ. ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ವ್ಯಾಲ್ಯೂಜೆಟ್ 592ರಲ್ಲಿ ಆಕ್ಸಿಜನ್ ಜನರೇಟರ್‌ಗಳಿದ್ವು (ಆಕ್ಸಿಜನ್ ಕೊಡುವಾಗ ತುಂಬಾ ಬಿಸಿಯಾಗೋ ಡಬ್ಬಿಗಳು), ಪೇಪರಲ್ಲಿ "ಖಾಲಿ" ಅಂತ ಬರ್ದಿದ್ರು, ಖಾಲಿ ಆಗಿರ್ಲಿಲ್ಲ. ಅವುಗಳಿಂದ ಬೆಂಕಿ ಹತ್ತಿ ಹತ್ತೇ ನಿಮಿಷಕ್ಕೆ ವಿಮಾನ ಬಿತ್ತು, 110 ಜನಾನೂ ಹೋದ್ರು. ಈಗ್ಲೂ ಬರೆಯುವಾಗ ಕೈ ನಡುಗತ್ತೆ ನಂಗೆ.

ಇನ್ಮೇಲೆ ಹೀಗಾದ್ರೆ ಡೋರ್ ಕ್ಲೋಸ್ ಆಗಿದ್ರೂ ಪರವಾಗಿಲ್ಲ, ಹೊಸ ನೋಟಾಕ್ ತೆಗೀರಿ, ಹಳೇದನ್ನ ಕಾಕ್‌ಪಿಟ್‌ನಿಂದ ವಾಪಸ್ ಇಸ್ಕೊಳ್ಳಿ, ಮತ್ತೆ ಸೈನ್ ಹಾಕಿಸಿ, ಕೆಳಗೆ ನಮ್ಮತ್ರ ಉಳಿಯೋ ಗ್ರೌಂಡ್ ಕಾಪಿನೂ ಬದಲಾಯಿಸಿ. ಲೋಡ್‌ಶೀಟೂ (ವಿಮಾನದ ತೂಕದ ಲೆಕ್ಕದ ಪೇಪರ್) ಸರಿ ಮಾಡ್ಬೇಕು, ತೂಕ ಜಾಗ ಬದಲಿಸಿದೆಯಲ್ಲ. ಹತ್ತು ನಿಮಿಷ ಲೇಟಾದ್ರೆ ಆಗ್ಲಿ, ಡಿಲೇಗೆ ಕಾರಣ ಏನು ಅಂತ ಇದ್ದಿದ್ದನ್ನೇ ಬರೀರಿ. ಸೀನಿಯರ್ ಹತ್ರ ಜಗಳ ಬೇಡ, "ಸರ್, ಹೊಸಾದು ಪ್ರಿಂಟ್ ಕೊಟ್ಟಿದೀನಿ, ಓಡಿ ಕೊಟ್ಟು ಬರ್ತೀನಿ" ಅಂದ್ಬಿಡಿ ಸಾಕು.

ಮೊನ್ನೆಯದ್ದನ್ನೂ ಮುಚ್ಚಿಡ್ಬೇಡಿ, ಸೇಫ್ಟಿಯವ್ರಿಗೆ ಇದೇ ವಾರ ಬರ್ದು ಕೊಡಿ.