‘ಸಮರ್ಥ ಸಾಥ್’ ಎಂದರೆ ಏನು ನುಡಿಸಿದರು?

ಪ್ರಿಯರೇ,

ಅಮೆರಿಕದ ರಾಕ್ ಬ್ಯಾಂಡ್ ಆರ್.ಇ.ಎಂ.ನ 31 ವರ್ಷಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಇಸವಿಗಳು ಸರಿಯಾಗಿವೆ, ಕನ್ನಡದಲ್ಲಿ ಇಂಥ ವಿಷಯಕ್ಕೆ ಕೈ ಹಾಕಿದ್ದೀರಿ ಎಂಬುದು ಸಂತೋಷ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ವಾಕ್ಯಗಳು ನನ್ನನ್ನು ಕೆರಳಿಸಿವೆ. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ನಿಮ್ಮ ಎರಡನೇ ಪ್ಯಾರಾದಲ್ಲಿದೆ: “ಮೈಕಲ್ ಸ್ಟೈಪ್ ಅವರ ಮಾಂತ್ರಿಕ ಕಂಠಕ್ಕೆ ಗಿಟಾರಿನಲ್ಲಿ ಪೀಟರ್ ಬಕ್, ಬಾಸ್‌ನಲ್ಲಿ ಮೈಕ್ ಮಿಲ್ಸ್ ಹಾಗೂ ಡ್ರಮ್ಸ್‌ನಲ್ಲಿ ಬಿಲ್ ಬೆರಿ ಸಮರ್ಥ ಸಾಥ್ ನೀಡಿದರು.”

ಈ ವಾಕ್ಯ ಎಲ್ಲಿಂದ ಬಂತೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಪತ್ರಿಕೆಗಳಲ್ಲಿ ಬರುವ ಸಂಗೀತ ಕಛೇರಿ ವರದಿಯ ಕೊನೆಯ ಸಾಲು ಅದು. ಗಾಯಕರ ಬಗ್ಗೆ ಮೂರು ಪ್ಯಾರಾ ಬರೆದು, ಪಿಟೀಲು, ಮೃದಂಗ, ಘಟ ಮೂವರನ್ನೂ ಒಂದೇ ಸಾಲಿನಲ್ಲಿ ಮುಗಿಸುವ ಸಾಲು. ಕಛೇರಿಗೇ ಅದು ಅನ್ಯಾಯ. ಈ ಬ್ಯಾಂಡಿನ ವಿಷಯದಲ್ಲಂತೂ ಅದು ವಾಸ್ತವಕ್ಕೆ ತೀರಾ ವಿರುದ್ಧ.

ಏಕೆಂದರೆ ಇಲ್ಲಿ ಹಾಡು ಹುಟ್ಟುತ್ತಿದ್ದ ಕ್ರಮವೇ ತಿರುಗುಮುರುಗು. ಹೆಚ್ಚಿನ ಹಾಡುಗಳಲ್ಲಿ ಬಕ್, ಮಿಲ್ಸ್, ಬೆರಿ ಮೂವರು ಕೂತು ಮೊದಲು ಸಂಗೀತ ಕಟ್ಟುತ್ತಿದ್ದರು. ಅದರಲ್ಲಿ ಮಾತಿರುತ್ತಿರಲಿಲ್ಲ. ಅದರ ಧ್ವನಿಮುದ್ರಣ ಸ್ಟೈಪ್ ಕೈಗೆ ಹೋಗುತ್ತಿತ್ತು. ಅವರು ಅದನ್ನು ಕೇಳುತ್ತ ಕೇಳುತ್ತ ರಾಗ, ಸಾಹಿತ್ಯ ಹುಡುಕುತ್ತಿದ್ದರು. ಸಿಗದಿದ್ದರೆ ಆ ತುಣುಕು ಮೂಲೆ ಸೇರುತ್ತಿತ್ತು. 1992ರ ‘ಮ್ಯಾನ್ ಆನ್ ದ ಮೂನ್’ ನೋಡಿ. ಸಿ ಸ್ವರಮೇಳದಿಂದ (ಕಾರ್ಡ್) ಡಿ ಸ್ವರಮೇಳಕ್ಕೆ ಜಾರುವ ಒಂದೇ ಒಂದು ಬದಲಾವಣೆಯನ್ನು ಬೆರಿ ತಂದರು. ಅಲ್ಲಿಂದ ಮುಂದೆ ಏನು ಮಾಡಬೇಕೆಂದು ಅವರಿಗೆ ತೋಚಲಿಲ್ಲ, ಬಕ್ ಜೊತೆ ಸೇರಿ ಮುಗಿಸಿದರು. ಸಂಗೀತ ಸಿದ್ಧವಾಗಿ ಎಷ್ಟೋ ದಿನ ಮಾತಿಲ್ಲದೆ ಕಾದಿತ್ತು. ಹಾಗಿರುವಾಗ ಯಾರು ಯಾರಿಗೆ ಸಾಥ್ ಕೊಟ್ಟರು? ಕಂಠವೇ ಕೊನೆಗೆ ಬಂದು ವಾದ್ಯಗಳ ಜೊತೆ ಸೇರಿಕೊಂಡಿತು.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಯಾರು ಬರೆದ ಹಾಡೇ ಆಗಿರಲಿ, ಕೆಳಗೆ ನಾಲ್ಕು ಹೆಸರು: ಬೆರಿ, ಬಕ್, ಮಿಲ್ಸ್, ಸ್ಟೈಪ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಅದು, ಆದ್ದರಿಂದ ಗಾಯಕ ಕೊನೆಯಲ್ಲಿ. ರಾಯಧನ ನಾಲ್ಕು ಸಮಪಾಲು. ಯಾವುದೇ ತೀರ್ಮಾನಕ್ಕೆ ನಾಲ್ವರೂ ಒಪ್ಪಬೇಕು, ಒಬ್ಬರು ಬೇಡವೆಂದರೆ ಬೇಡ. ಬ್ಯಾಂಡುಗಳು ಒಡೆಯುವುದು ಸಾಮಾನ್ಯವಾಗಿ ಎಲ್ಲಿ? ಹಾಡು ಬರೆದವನಿಗೆ ಹೆಚ್ಚು ಹಣ ಬಂದು, ನುಡಿಸಿದವನಿಗೆ ಕಡಿಮೆಯಾಗಿ, ಪ್ರತಿಯೊಬ್ಬನೂ ತನ್ನ ಹಾಡನ್ನೇ ಆಲ್ಬಮ್ಮಿಗೆ ತುರುಕಲು ಹೊರಟಾಗ. ಆ ಬಾಗಿಲನ್ನು ಇವರು ಆರಂಭದಲ್ಲೇ ಮುಚ್ಚಿದ್ದರು. “ಅವರ ನಡುವೆ ಅಪೂರ್ವ ಸ್ನೇಹವಿತ್ತು” ಎಂದು ಬರೆದಿದ್ದೀರಿ. ಸ್ನೇಹವಿತ್ತು ನಿಜ, ಆದರೆ ಸ್ನೇಹ ಉಳಿಯುವಂಥ ಏರ್ಪಾಡೂ ಇತ್ತು. 31 ವರ್ಷದ ಕಥೆಯಲ್ಲಿ ಅದೇ ಇಲ್ಲವೆಂದರೆ ಹೇಗೆ?

ಇನ್ನು ‘ಮಾಂತ್ರಿಕ ಕಂಠ’. 1983ರ ‘ಮರ್ಮರ್’ ಆಲ್ಬಮ್ಮಿಗೆ ನೀವು ಈ ಮಾತು ಬಳಸಿದ್ದೀರಿ. ಅದರಲ್ಲಿ ಕಂಠವನ್ನು ಬೇಕೆಂದೇ ಹಿಂದಕ್ಕೆ ಸರಿಸಿ ಮಿಕ್ಸ್ ಮಾಡಿದ್ದಾರೆ. ಶಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೋದಲ್ಲಿ ಸ್ಟೈಪ್ ಹಾಡಿದ್ದು ಮುಖ್ಯ ಕೋಣೆಯ ಪಕ್ಕದ ಕತ್ತಲ ಮೆಟ್ಟಿಲ ಬಳಿ. ಪದಗಳು ಅರ್ಧಕ್ಕರ್ಧ ಕೇಳಿಸುವುದಿಲ್ಲ. ಕೇಳಿಸುವುದು ಬೇರೆ. ಬಕ್ ತಮ್ಮ ರಿಕನ್‌ಬ್ಯಾಕರ್ ಗಿಟಾರಿನಲ್ಲಿ ಸ್ವರಮೇಳವನ್ನು ಒಟ್ಟಿಗೆ ಬಾರಿಸದೆ ತಂತಿ ತಂತಿಯಾಗಿ ಬಿಡಿಸಿ ಮೀಟುತ್ತಾರೆ. ಬೆರಳಿಡದ ತಂತಿಗಳು ಮಿಡಿಯುತ್ತಲೇ ಇರುತ್ತವೆ. ಹೀಗೆ ಗಿಟಾರು ಹೆಚ್ಚುಕಡಿಮೆ ತಾಳ ಕಾಯುವ ಕೆಲಸಕ್ಕೆ ಇಳಿದಾಗ ತಗ್ಗು ಸ್ವರಗಳ ಗಿಟಾರಾದ ಬಾಸ್‌ಗೆ ಜಾಗ ಸಿಗುತ್ತದೆ. ಮಿಲ್ಸ್ ಸ್ವರಮೇಳದ ಆಧಾರ ಸ್ವರದ ಮೇಲೆ ಕೂರುವುದಿಲ್ಲ. ಅವರ ಬಾಸ್ ತನ್ನದೇ ಒಂದು ರಾಗ ಹಿಡಿದು ಮೇಲೆ ಕೆಳಗೆ ನಡೆಯುತ್ತದೆ. ಇಬ್ಬರೂ ಹೀಗೆ ಓಡಾಡಬೇಕಾದರೆ ಡ್ರಮ್ಸ್ ಬಿಗಿಯಾಗಿರಲೇಬೇಕು, ಬೆರಿ ಅಲಂಕಾರಕ್ಕೆ ಕೈ ಹಾಕುವುದೇ ಕಡಿಮೆ. ಗಿಟಾರ್ ಸೋಲೋ ಬೇಡ, ಆ ಕಾಲದ ಫ್ಯಾಷನ್ನಾದ ಸಿಂತಸೈಸರ್ ಬೇಡ ಎಂದು ಮೊದಲೇ ಪಟ್ಟು ಹಿಡಿದಿದ್ದರು.

ಹೀಗೆ ಪಟ್ಟು ಹಿಡಿದದ್ದಕ್ಕೆ ಒಂದು ಕಾರಣವಿದೆ. ಆಲ್ಬಮ್ಮಿಗೆ ಮುಂಚೆ ಐ.ಆರ್.ಎಸ್. ಎಂಬ ರೆಕಾರ್ಡ್ ಕಂಪನಿಯವರು ಸ್ಟೀಫನ್ ಹೇಗ್ ಎಂಬ ನಿರ್ಮಾಪಕರ ಜೊತೆ ಒಂದು ಹಾಡಿನ ಪರೀಕ್ಷೆ ಮಾಡಿಸಿದರು. ಆತ ತಪ್ಪಿಲ್ಲದ ಟೇಕ್ ಬೇಕೆಂದು ಬ್ಯಾಂಡಿನಿಂದ ಮತ್ತೆ ಮತ್ತೆ ನುಡಿಸಿದರು, ಆಮೇಲೆ ಅವರನ್ನು ಕೇಳದೆ ಬಾಸ್ಟನ್ನಿನಲ್ಲಿ ಕೀಬೋರ್ಡ್ ಸೇರಿಸಿದರು. ನಾಲ್ವರೂ ಒಟ್ಟಾಗಿ ಬೇಡವೆಂದರು. ಮೊದಲ ಸಿಂಗಲ್ (ಬಿಡಿಯಾಗಿ ಹೊರಬರುವ ಹಾಡು) ಧ್ವನಿಮುದ್ರಿಸಿದ್ದ ಮಿಚ್ ಈಸ್ಟರ್ ಮತ್ತು ಅವರ ಜೊತೆಗಾರ ಡಾನ್ ಡಿಕ್ಸನ್ ಬಳಿಗೆ ಹೋದರು. ಅಲ್ಲಿ ಏನು ಸಾಧ್ಯವಾಯಿತು ಎಂಬುದಕ್ಕೆ ಒಂದು ಉದಾಹರಣೆ ‘ಪರ್ಫೆಕ್ಟ್ ಸರ್ಕಲ್’. ಸಂಗೀತ ಬೆರಿಯವರದು. ಶ್ರುತಿ ತಪ್ಪಿದ ಹಳೆಯ ಪಿಯಾನೋ ಒಂದು, ಸರಿಯಾದ ಗ್ರ್ಯಾಂಡ್ ಪಿಯಾನೋ ಒಂದು, ಎರಡರಲ್ಲೂ ಬೆರಿ ಮತ್ತು ಮಿಲ್ಸ್ ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸಿದ್ದಾರೆ. ಎರಡರ ನಡುವಿನ ಸಣ್ಣ ಶ್ರುತಿ ವ್ಯತ್ಯಾಸದಿಂದಲೇ ಆ ಹಾಡಿಗೆ ಅಲುಗುವಂಥ ನಾದ ಬಂದಿದೆ. ನಿಮ್ಮ ಲೇಖನದಲ್ಲಿ ಇದು “ಮನಮುಟ್ಟುವ ಪಿಯಾನೋ” ಆಗಿದೆ.

1986ರ ‘ಫಾಲ್ ಆನ್ ಮಿ’ ಬಗ್ಗೆಯೂ “ಸ್ಟೈಪ್ ಹೃದಯ ತುಂಬಿ ಹಾಡಿದ್ದಾರೆ” ಎಂದಿದ್ದೀರಿ. ಪಲ್ಲವಿಯನ್ನು ಮತ್ತೆ ಕೇಳಿ. ಅಲ್ಲಿ ಹಾಡುತ್ತಿರುವವರು ಮೂವರು. ಸ್ಟೈಪ್ ಒಂದು ರಾಗ ಹಿಡಿದಿದ್ದಾರೆ, ಅದೇ ಹೊತ್ತಿಗೆ ಮಿಲ್ಸ್ ಬೇರೆ ಮಾತು ಬೇರೆ ರಾಗ ಹಿಡಿದು ಮೇಲೇರುತ್ತಾರೆ, ಕೆಳಗೆ ಬೆರಿಯ ದನಿ ಇನ್ನೊಂದು ಎಳೆ. ಡ್ರಮ್ಮರ್ ಹಾಡುತ್ತಿದ್ದಾರೆ ಎಂಬುದನ್ನು ಓದುಗರಿಗೆ ನೀವು ಹೇಳಲೇ ಇಲ್ಲ. ಮುಂದೆ ಬೆರಿ ಬಿಟ್ಟು ಹೋದಾಗ ಏನು ಹೋಯಿತು ಎಂಬುದು ಓದುಗರಿಗೆ ಅರ್ಥವಾಗುವುದಾದರೂ ಹೇಗೆ?

ನಾನು ಪತ್ರಿಕೆಯಲ್ಲಿ ಕಛೇರಿ ವಿಮರ್ಶೆ ಬರೆಯಲು ಕಲಿಯುತ್ತಿದ್ದಾಗ ‘ಸಮರ್ಥ ಸಾಥ್’ ಎಂದು ಬರೆದರೆ ಹಿರಿಯ ಉಪಸಂಪಾದಕರು ಅದರ ಮೇಲೆ ಗೆರೆ ಎಳೆದು, ಅಂಚಿನಲ್ಲಿ ‘ಏನು ನುಡಿಸಿದರು?’ ಎಂದು ಬರೆದು ವಾಪಸು ಕೊಡುತ್ತಿದ್ದರು. ಅಲ್ಲಿ ಕಲಿತ ಕ್ರಮ ಇವತ್ತಿಗೂ ನಡೆಯುತ್ತದೆ, ನೀವೂ ಮಾಡಿ. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ, ಎಡ ಅಂಚಿನಲ್ಲಿ ನಿಮಿಷ ಮತ್ತು ಸೆಕೆಂಡು. ಹಾಡನ್ನು ಒಬ್ಬೊಬ್ಬರಿಗಾಗಿ ಒಂದೊಂದು ಸಲ ಕೇಳಿ. ಬದಲಾವಣೆಯನ್ನು ಮಾತ್ರ ಬರೆದುಕೊಳ್ಳಿ: ಎಲ್ಲಿ ಸೇರಿದರು, ಎಲ್ಲಿ ನಿಲ್ಲಿಸಿದರು, ಎಲ್ಲಿ ದಾರಿ ಬದಲಿಸಿದರು. ಬಾಸ್‌ನಿಂದ ಆರಂಭಿಸಿ, ಅದನ್ನು ಬಾಯಲ್ಲಿ ಗುನುಗುತ್ತ ಹೋಗಿ. ಗುನುಗಲು ಬಂದರೆ ಕಿವಿಗೆ ಬಿದ್ದಿದೆ ಎಂದರ್ಥ. ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ಅದರಲ್ಲಿ ಬಾಸ್ ಕೇಳಿಸುವುದೇ ಇಲ್ಲ, ಆಗ ಬರೆಯಲು ಉಳಿಯುವುದು ಕಂಠ ಮಾತ್ರ. ನಿಮ್ಮ ಲೇಖನಕ್ಕೆ ಹಾಗೆಯೇ ಆಗಿದೆ ಎಂಬ ಗುಮಾನಿ ನನಗಿದೆ. ಕೇಳಿದ್ದು ಆಲ್ಬಮ್ಮಿನದೋ ಲೈವ್ ಧ್ವನಿಮುದ್ರಣವೋ ಎಂಬುದನ್ನೂ ಹಾಳೆಯ ತಲೆಯಲ್ಲಿ ಬರೆದಿಡಿ. ಎರಡರ ಸೆಕೆಂಡುಗಳು ಹೊಂದುವುದಿಲ್ಲ.

ಹೀಗೆ ಕೇಳಿದರೆ 1991ರ ‘ಲೂಸಿಂಗ್ ಮೈ ರಿಲಿಜನ್’ ಬಗ್ಗೆ “ಮ್ಯಾಂಡೊಲಿನ್ ಮೋಡಿ ಜಗತ್ತನ್ನು ಗೆದ್ದಿತು” ಎಂಬ ಸಾಲು ನಿಲ್ಲುವುದಿಲ್ಲ. ನಮ್ಮ ಓದುಗರಿಗೆ ಮ್ಯಾಂಡೊಲಿನ್ ಎಂದರೆ ಯು. ಶ್ರೀನಿವಾಸ್, ಎಲೆಕ್ಟ್ರಿಕ್ ವಾದ್ಯ, ಗಮಕ. ಇದು ಆ ವಾದ್ಯವಲ್ಲ, ಎರಡೆರಡರ ಜೋಡಿಯಂತೆ ಎಂಟು ತಂತಿಯ ಅಕೂಸ್ಟಿಕ್ ಮ್ಯಾಂಡೊಲಿನ್. ಬಕ್ ಆಗಷ್ಟೇ ಅದನ್ನು ಕಲಿಯುತ್ತಿದ್ದರು. ಟಿ.ವಿ. ನೋಡುತ್ತ ಅಭ್ಯಾಸ ಮಾಡಿದ್ದನ್ನು ಟೇಪಿಗೆ ಹಾಕಿಕೊಂಡು ಮರುದಿನ ಕೇಳಿದಾಗ ಆ ತುಣುಕು ಸಿಕ್ಕಿತು. ಬ್ಯಾಂಡ್ ಸೇರಿ ನುಡಿಸಿದಾಗ ಒಂದು ತೊಡಕು ಎದುರಾಯಿತು. ಮೇಲೆ ಮ್ಯಾಂಡೊಲಿನ್, ಕೆಳಗೆ ಬಾಸ್, ನಡುವಿನ ಸ್ಥಾಯಿ ಖಾಲಿ. ಅದನ್ನು ತುಂಬಲು ಹೊರಗಿನ ವಾದಕ ಪೀಟರ್ ಹೋಲ್ಸಾಪಲ್ ಅಕೂಸ್ಟಿಕ್ ಗಿಟಾರ್ ನುಡಿಸಿದರು, ಮೇಲೆ ಅಟ್ಲಾಂಟಾದ ವಾದ್ಯವೃಂದದವರಿಂದ ತಂತಿವಾದ್ಯ ಸೇರಿಸಿದರು. ಸಾಮಾನ್ಯ ಪಾಪ್ ಹಾಡಿನಂಥ ಪಲ್ಲವಿ ಇದಕ್ಕಿಲ್ಲ, ಆದರೂ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ವಿಡಿಯೋ ಮಾಡಿದ ತರ್ಸೆಮ್ ಸಿಂಗ್ ಭಾರತದವರು ಎಂಬುದಕ್ಕೆ ನೀವು ಅರ್ಧ ಪುಟ ಕೊಟ್ಟಿದ್ದೀರಿ, ಹಾಡಿಗೆ ಒಂದು ಸಾಲು. ಅದನ್ನು ಅದಲುಬದಲು ಮಾಡಿ.

ಈಗ ಎರಡನೇ ವಾಕ್ಯ: “1997ರಲ್ಲಿ ಬೆರಿ ನಿರ್ಗಮನದೊಂದಿಗೆ ಅವನತಿ ಆರಂಭವಾಯಿತು, ಮೂರು ಕಾಲಿನ ನಾಯಿಯೂ ನಾಯಿಯೇ ಎಂದು ಸ್ಟೈಪ್ ಹೇಳಿದರೂ ಹಳೆಯ ಮೋಡಿ ಮರಳಲಿಲ್ಲ.”

ಸ್ಟೈಪ್ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದೀರಿ. “ಅದು ಬೇರೆ ರೀತಿ ಓಡಲು ಕಲಿಯಬೇಕು” ಎಂಬುದು ಆ ಮಾತಿನ ಉಳಿದರ್ಧ. ಬರೆಯಬೇಕಾಗಿದ್ದದ್ದು ಆ ಉಳಿದರ್ಧದ ಬಗ್ಗೆ. 14 ವರ್ಷ, ಐದು ಆಲ್ಬಮ್, ಅಂದರೆ ಬ್ಯಾಂಡಿನ ಆಯುಷ್ಯದ ಹತ್ತಿರ ಹತ್ತಿರ ಅರ್ಧವನ್ನು ನೀವು ಒಂದು ಅಲ್ಪವಿರಾಮದ ಆಚೆ ನೂಕಿದ್ದೀರಿ.

ನಿರ್ಗಮನ ಹೇಗಾಯಿತು ಎಂಬುದನ್ನಾದರೂ ಹೇಳಿ. 1995ರ ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ವೇದಿಕೆಯ ಮೇಲಿದ್ದಾಗಲೇ ಬೆರಿಯ ಮಿದುಳಿನ ರಕ್ತನಾಳ ಉಬ್ಬಿ ಒಡೆಯಿತು. ಶಸ್ತ್ರಚಿಕಿತ್ಸೆಯಾಗಿ ಮೇ ತಿಂಗಳಲ್ಲಿ ಅವರು ಮತ್ತೆ ಡ್ರಮ್ಸ್ ಮುಂದೆ ಕೂತರು. ಅದೇ ಪ್ರವಾಸದಲ್ಲಿ ಮಿಲ್ಸ್‌ಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ, ಸ್ಟೈಪ್‌ಗೆ ಹರ್ನಿಯಾ. ಆ ಓಡಾಟದ ನಡುವೆಯೇ ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್‌ಚೆಕ್‌ಗಳಲ್ಲೂ ವೇದಿಕೆಗಳಲ್ಲೂ ಮುದ್ರಿಸಿಕೊಂಡ ಹಾಡುಗಳಿಂದ 1996ರ ಆಲ್ಬಮ್ಮಿನ ಬಹುಭಾಗ ಬಂತು. ಬೆರಿ ಬಿಟ್ಟದ್ದು 1997ರ ಅಕ್ಟೋಬರಿನಲ್ಲಿ. ಜಗಳವಿಲ್ಲ. ತಾನು ಹೋದರೆ ಬ್ಯಾಂಡ್ ಒಡೆಯುವುದಾದರೆ ಹೋಗುವುದಿಲ್ಲ ಎಂದೂ ಹೇಳಿದ್ದರು. ಹೋಗಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಣಹುಲ್ಲು ಬೆಳೆಯುವ ರೈತರಾದರು.

ಉಳಿದ ಮೂವರು ಹೊಸ ಡ್ರಮ್ಮರ್‌ನನ್ನು ಸದಸ್ಯನಾಗಿ ಸೇರಿಸಿಕೊಳ್ಳಲಿಲ್ಲ. ಮೊದಲು ಜೋಯಿ ವರಾಂಕರ್, ನಂತರ 2003ರಿಂದ ಬಿಲ್ ರೀಫ್ಲಿನ್ ಬಂದರು, ನುಡಿಸಿದರು, ಆದರೆ ನಾಲ್ಕನೇ ಹೆಸರು ಮತ್ತೆ ಸೇರಲಿಲ್ಲ. 1998ರ ‘ಅಪ್’ನಲ್ಲಿ ಡ್ರಮ್ ಮಷೀನ್, ಹಳೆಯ ಸಿಂತಸೈಸರ್. ಅಂದರೆ 1983ರಲ್ಲಿ ಹಾಕಿಕೊಂಡ ನಿಯಮವನ್ನು ತಾವೇ ಮುರಿದರು. ಕೋಣೆಯಲ್ಲಿ ಒಟ್ಟಿಗೆ ಕೂತು ಕಟ್ಟುವ ಕ್ರಮ ತಪ್ಪಿತು, ಆ ಧ್ವನಿಮುದ್ರಣದ ಹೊತ್ತಿಗೆ ಬ್ಯಾಂಡ್ ಒಡೆಯುವ ಹಂತಕ್ಕೂ ಹೋಗಿತ್ತು. ಹಾಡುಗಳ ಪೂರ್ತಿ ಸಾಹಿತ್ಯವನ್ನು ಅವರು ಮೊದಲ ಸಲ ಆಲ್ಬಮ್ಮಿನ ಜೊತೆ ಅಚ್ಚು ಹಾಕಿಸಿದ್ದೂ ಆಗಲೇ. ಪದ ಕೇಳಿಸದಂತೆ ಹಾಡುತ್ತಿದ್ದವರು ಪದಗಳನ್ನು ಕಾಗದದ ಮೇಲೆ ಇಟ್ಟರು. ಡ್ರಮ್ಮರ್ ಹೋಗಿ ಗಾಯಕ ಮುಂದೆ ಬಂದದ್ದು ಇಲ್ಲಿ. ನಿಮ್ಮ ‘ಮಾಂತ್ರಿಕ ಕಂಠ’ಕ್ಕೆ ಏನಾದರೂ ಜಾಗವಿದ್ದರೆ ಅದು ಈ ಆಲ್ಬಮ್ಮಿನಲ್ಲಿದೆ, ‘ಮರ್ಮರ್’ನಲ್ಲಿ ಅಲ್ಲ.

ಅಮೆರಿಕದಲ್ಲಿ ಮಾರಾಟ ಕುಸಿಯಿತು, ಅದು ಸತ್ಯ. ಆದರೆ ಬ್ರಿಟನ್ನಿನ ಪಟ್ಟಿಯಲ್ಲಿ ಅವರ ಯಾವುದೇ ಸಿಂಗಲ್ ಏರಿದ ಅತಿ ಎತ್ತರದ ಸ್ಥಾನ 3, ಅದು 2000ದಲ್ಲಿ ‘ದ ಗ್ರೇಟ್ ಬಿಯಾಂಡ್’ಗೆ ಸಿಕ್ಕಿದ್ದು. ಅಂದರೆ ಬೆರಿ ಹೋದ ಮೇಲೆ. ನಿಜವಾಗಿ ಜೋತುಬಿದ್ದ ಆಲ್ಬಮ್ 2004ರ ‘ಅರೌಂಡ್ ದ ಸನ್’. ಕಾರಣ ಡ್ರಮ್ಮರ್ ಅಲ್ಲ. ಅರ್ಧ ಕೆಲಸವಾಗಿದ್ದಾಗ ಜನಪ್ರಿಯ ಹಾಡುಗಳ ಸಂಗ್ರಹ, ಅದಕ್ಕೊಂದು ಪ್ರವಾಸ ಎಂದು ಎದ್ದು ಹೋದರು. ಮರಳಿ ಬಂದಾಗ ಹಾಡುಗಳು ಹಳಸಿದ್ದವು, ಅವುಗಳನ್ನೇ ತಿದ್ದುತ್ತ ತೀಡುತ್ತ ಕೂತರು. ಬೇಸತ್ತವರು ನುಡಿಸಿದಂತಿದೆ ಎಂಬರ್ಥದ ಮಾತನ್ನು ಆಮೇಲೆ ಬಕ್ ಅವರೇ ಆಡಿದರು.

ಅದಕ್ಕೆ ಅವರು ಕಂಡುಕೊಂಡ ಮದ್ದು ನಿಮ್ಮ ಲೇಖನದಲ್ಲಿ ಪೂರ್ತಿ ಬಿಟ್ಟುಹೋಗಿದೆ. 2007ರ ಬೇಸಿಗೆಯಲ್ಲಿ ಡಬ್ಲಿನ್‌ನ ಒಲಿಂಪಿಯಾ ರಂಗಮಂದಿರದಲ್ಲಿ ಐದು ರಾತ್ರಿ, ಇನ್ನೂ ಮುಗಿಯದ ಹೊಸ ಹಾಡುಗಳನ್ನು ಜನರ ಮುಂದೆ ನುಡಿಸಿ ನೋಡಿದರು. ಕಾರ್ಯಕ್ರಮ ಎನ್ನದೆ ತಾಲೀಮು ಎಂದೇ ಕರೆದರು. ಹೊಸ ನಿರ್ಮಾಪಕ ಜಾಕ್‌ನೈಫ್ ಲೀ. ಧ್ವನಿಮುದ್ರಣಕ್ಕೆ ಒಂಬತ್ತು ವಾರಗಳ ಮಿತಿ. ಫಲ 2008ರ ‘ಆಕ್ಸಲರೇಟ್’. ಹಿಂದಿನ ಆಲ್ಬಮ್ 55 ನಿಮಿಷವಿದ್ದರೆ ಇದು 35 ನಿಮಿಷದೊಳಗೆ ಮುಗಿಯುತ್ತದೆ. ಅಮೆರಿಕದಲ್ಲಿ 2ನೇ ಸ್ಥಾನ, ಬ್ರಿಟನ್ನಿನಲ್ಲಿ ಮೊದಲನೆಯದು. ಅವನತಿ ಎಂದು ನೀವು ಕರೆದ ಅವಧಿಯ ನಡುವೆ ಇದು ಕೂತಿದೆ. 2011ರಲ್ಲಿ ಇನ್ನೊಂದು ಆಲ್ಬಮ್, ಅದರೊಂದಿಗೆ ರೆಕಾರ್ಡ್ ಕಂಪನಿ ವಾರ್ನರ್ ಜೊತೆಗಿನ ಒಪ್ಪಂದ ಮುಗಿಯಿತು. ಸೆಪ್ಟೆಂಬರ್ 21ರಂದು ಬ್ಯಾಂಡನ್ನು ನಿಲ್ಲಿಸಿದೆವು ಎಂದು ಘೋಷಿಸಿದರು. ವಿದಾಯದ ಪ್ರವಾಸ ಮಾಡಲಿಲ್ಲ. ಮಾಡಿದ್ದರೆ ಬರುತ್ತಿದ್ದ ಹಣವನ್ನು ಬಿಟ್ಟ ಬ್ಯಾಂಡುಗಳು ತೀರಾ ಕಡಿಮೆ, ಅದಕ್ಕೊಂದು ಪ್ಯಾರಾ ಮೀಸಲಿಡಿ.

ಮತ್ತೆ ಬರೆದು ಕಳಿಸಿ, ನಾನು ಕಾಯುತ್ತೇನೆ. ಬ್ಯಾಂಡ್ ಹುಟ್ಟಿದ, ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನ 1980ರ ವರ್ಣನೆ ಮೂರು ಪುಟವಿದೆ, ಒಂದು ಸಾಕು. ಪ್ರಶಸ್ತಿಗಳ ಪಟ್ಟಿ ತೆಗೆಯಿರಿ. ಬೆರಿಯನ್ನು ಲೇಖನದ ಆರಂಭಕ್ಕೇ ತನ್ನಿ. ‘ಎವೆರಿಬಡಿ ಹರ್ಟ್ಸ್’ ಹಾಡಿನ ಬಹುಭಾಗ ಕಟ್ಟಿದವರು ಈ ಡ್ರಮ್ಮರೇ. ಆದರೆ ಅದರಲ್ಲಿ ಉದ್ದಕ್ಕೂ ಲಯ ಹಿಡಿಯುವುದು ಒಂದು ಅಗ್ಗದ ಡ್ರಮ್ ಮಷೀನ್, ನಿಜವಾದ ಡ್ರಮ್ಸ್ ಬಹಳ ತಡವಾಗಿ ಸೇರುತ್ತದೆ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿಗೆ ಎಂಬುದನ್ನು ನಾನು ಹೇಳುವುದಿಲ್ಲ. ಹೆಡ್‌ಫೋನ್ ಹಾಕಿ ಕೇಳಿ, ಅಂಚಿನಲ್ಲಿ ಬರೆದುಕೊಳ್ಳಿ, ಮುಂದಿನ ಕರಡಿನಲ್ಲಿ ಅದು ಇರಬೇಕು.

ಇಂತಿ,
ಸಂಪಾದಕ