ಬೆಣ್ಣೆ ಚಹಾ, ಸ್ವೆಟರ್ ಸೀಸನ್ ಮತ್ತು ಇಳಿಯದ ಬಿಪಿ

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನವರು, ವಯಸ್ಸು 60ರ ಆಸುಪಾಸು. 1961ರಲ್ಲಿ ಶುರುವಾದ ಈ ವಸತಿಯಲ್ಲೇ ಬೆಳೆದವರು. ಮನೆಯಲ್ಲಿ ಅವರು ಮತ್ತು ಗಂಡ ಇಬ್ಬರೇ. ಮಗ ಕೆನಡಾದಲ್ಲಿ. ಬಿಪಿ 172/104. ಒಂದು ವರ್ಷದ ಹಿಂದೆಯೇ ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಬರೆದುಕೊಟ್ಟಿದ್ದರೂ ಇಳಿದಿಲ್ಲ. 'ಮಾತು ಕೇಳುತ್ತಿಲ್ಲ, ಬುದ್ಧಿ ಹೇಳಿ' ಎಂದು ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ಜೊತೆಗೆ ಬಂದಿದ್ದ ಹುಡುಗಿ ಎಲ್ಲಕ್ಕೂ ತಾನೇ ಉತ್ತರ ಕೊಡುತ್ತಿದ್ದಳು. ಅವಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಹುಬ್ಬಳ್ಳಿ, ದಾವಣಗೆರೆಯ ಬೀದಿಗಳಲ್ಲಿ ಸ್ವೆಟರ್ ಮಾರಿದವರಿಗೆ ಕನ್ನಡ ಬರದೆ ಇರುತ್ತದಾ? ಚೆನ್ನಾಗಿಯೇ ಬರುತ್ತಿತ್ತು. ಟಿಬೆಟಿಯನ್ನರು ಅಮ್ಮ ಎಂದು ಗೌರವದಿಂದ ಕರೆಯುವ ಹಾಗೆ 'ಅಮಾ-ಲಾ' ಎಂದೇ ಮಾತಾಡಿಸಿದೆ.

"ಅಮಾ-ಲಾ, ಮಾತ್ರೆ ಯಾಕೆ ಬಿಟ್ರಿ?"

"ಕಾಲು ಊದಿತು ಮೇಡಂ. ಕಿಡ್ನಿ ಹೋಯ್ತು ಅಂದ್ಕೊಂಡೆ. ಈಗ ತಲೆ ಭಾರ ಆದ ದಿನ ಮಾತ್ರ ತಗೋತೀನಿ."

ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಅನ್ನಿ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದ ಊದುವುದು ಗೊತ್ತಿರುವ ಸಂಗತಿಯೇ. ಅದರಿಂದ ಕಿಡ್ನಿ ಕೆಟ್ಟಿದೆ ಎಂದಾಗುವುದಿಲ್ಲ. ಆದರೂ ಪರೀಕ್ಷೆ ಮಾಡಿಸಿದೆವು, ಕಿಡ್ನಿ ಸರಿಯಿತ್ತು. ಡಾಕ್ಟರು ಅಮ್ಲೋಡಿಪಿನ್ ನಿಲ್ಲಿಸಿ ಟೆಲ್ಮಿಸಾರ್ಟನ್ ಎಂಬ ಬೇರೆ ಬಿಪಿ ಮಾತ್ರೆ ಕೊಟ್ಟರು.

ಇನ್ನು ಉಪ್ಪಿನ ವಿಚಾರ. ಇಟ್ಟಿಗೆ ಚಹಾ, ಅಂದರೆ ಇಟ್ಟಿಗೆಯ ಹಾಗೆ ಒತ್ತಿ ಗಟ್ಟಿ ಮಾಡಿದ ಚಹಾ ಎಲೆ, ಕುದಿಸಿ, ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಅವರ ಮನೆಯ ಫ್ಲಾಸ್ಕಿನಲ್ಲಿ ದಿನವಿಡೀ ಇರುತ್ತದೆ. ಬಂದವರ ಬಟ್ಟಲು ಖಾಲಿಯಾಗಲು ಬಿಡುವ ಹಾಗಿಲ್ಲ. ಅದನ್ನೇ 'ಬಿಟ್ಟುಬಿಡಿ' ಎಂದಿದ್ದರು ಡಾಕ್ಟರು. ಅಮಾ-ಲಾ ಚಹಾ ಬಿಡಲಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಟ್ಟರು.

ಎಷ್ಟು ಉಪ್ಪು ಹಾಕ್ತೀರಿ ಎಂದು ಕೇಳಿದರೆ ಎಲ್ಲರೂ 'ಸ್ವಲ್ಪ' ಅಂತಲೇ ಹೇಳುತ್ತಾರೆ. ನಾನು ಕೇಳುವುದೇ ಬೇರೆ: ಒಂದು ಕೆ.ಜಿ. ಪ್ಯಾಕೆಟ್ ಎಷ್ಟು ದಿನ ಬರುತ್ತದೆ? ಅವರ ಮನೆಯಲ್ಲಿ ಒಂದು ತಿಂಗಳು. ಅಂದರೆ ತಲೆಗೆ ದಿನಕ್ಕೆ 16 ಗ್ರಾಂಗೂ ಜಾಸ್ತಿ. ನೆಂಟರ ಪಾಲು ಕಳೆದರೂ ಬಹಳವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ಇಬ್ಬರಿಗೆ ತಿಂಗಳಿಗೆ 300 ಗ್ರಾಂ. ಹಾಗಾಗಿ ತಿಂಗಳ ಉಪ್ಪನ್ನು ಮೊದಲೇ ಅಳೆದು ಡಬ್ಬಿಗೆ ಹಾಕಿಡಲು ಹೇಳಿದೆ. ಮೊದಲ ತಿಂಗಳು 700 ಗ್ರಾಂ, ಆಮೇಲೆ 500, ಆಮೇಲೆ 300. ಚಹಾ ಇರಲಿ, ಅದರ ಉಪ್ಪು ಇಳಿಯಲಿ. ನಿಧಾನವಾಗಿ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ತರಬೇಡಿ ಎಂದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಜೊತೆ ಅದು ರಕ್ತದಲ್ಲಿ ಏರಬಹುದು.

'ಟಿಬೆಟಿನವರ ರಕ್ತವೇ ಹಾಗೆ' ಎನ್ನುವವರಿದ್ದಾರೆ. ನನಗೆ ಅದು ಸೋಮಾರಿ ಉತ್ತರ ಅನ್ನಿಸುತ್ತದೆ. ವಂಶದ ಪಾಲು ಇರಬಹುದು, ಆದರೆ ಅದು ನನ್ನ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ. ಉಪ್ಪಿನ ಡಬ್ಬಿ ಅವರ ಕೈಯಲ್ಲಿದೆ.

ತಮ್ಮ ಬಿಪಿಗೆ ಕಾರಣ 'ಲುಂಗ್' ಎಂದು ಅಮಾ-ಲಾ ನಂಬಿದ್ದರು. ಟಿಬೆಟಿಯನ್ ವೈದ್ಯದ ಪ್ರಕಾರ ಚಿಂತೆ ಹೆಚ್ಚಾದರೆ ಮೈಯೊಳಗಿನ ಗಾಳಿ ಕೆದರುತ್ತದೆ. ಮಗನ ಫೋನ್ ಬರದ ರಾತ್ರಿ ನಿದ್ದೆ ಇಲ್ಲ ಎಂದರು. ನಾನು ವಾದಕ್ಕೆ ಹೋಗಲಿಲ್ಲ. ನಿದ್ದೆ ಕೆಟ್ಟರೆ ಬಿಪಿ ಏರುವುದು ನಿಜವೇ ಅಲ್ವಾ? ಮಗ ಫೋನ್ ಮಾಡಲು ವಾರಕ್ಕೊಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಲು ಹೇಳಿದೆ. ಬೆಳಗಿನ ಕೋರಾ, ಅಂದರೆ ಮಠದ ಸುತ್ತಿನ ಪ್ರದಕ್ಷಿಣೆ, ಮುಂದುವರಿಯಲಿ. ವ್ಯಾಯಾಮಕ್ಕೆ ಬೇರೆ ಏನೂ ಬೇಡ. ಅವರ ಟಿಬೆಟಿಯನ್ ಗುಳಿಗೆಗಳನ್ನು ತಂದು ಡಾಕ್ಟರಿಗೆ ತೋರಿಸಬೇಕು, ಆದರೆ ಅವನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸಬಾರದು. ತಲೆ ಭಾರ ಇಲ್ಲದ ದಿನವೂ ತೆಗೆದುಕೊಳ್ಳಬೇಕು, ಬಿಪಿ ಹೇಳಿ ಕೇಳಿ ಬರುವುದಿಲ್ಲ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆ.

ಅಕ್ಟೋಬರ್ ಬಂತೆಂದರೆ ಸ್ವೆಟರ್ ಗಂಟಿನ ಜೊತೆ ಹೊರಟುಬಿಡುತ್ತಾರೆ, ಬರುವುದು ಜನವರಿಗೆ. ನಮ್ಮಲ್ಲಿ ಕೊಡುವುದು ಒಂದು ತಿಂಗಳ ಮಾತ್ರೆ. ಮಾತ್ರೆ ತಪ್ಪುವುದು ಇಲ್ಲೇ! ಮಾತ್ರೆಯ ಹೆಸರು, ಪ್ರಮಾಣ ಬರೆದ ಕಾರ್ಡನ್ನು ದುಡ್ಡಿನ ಚೀಲದಲ್ಲಿ ಇಟ್ಟುಕೊಟ್ಟೆ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು, ಇಲ್ಲವೇ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು.

ಸೀಸನ್ ಮುಗಿಸಿ ಬಂದಾಗ 138/86 ಇತ್ತು. ಉಪ್ಪು ಇನ್ನೂ 500 ಗ್ರಾಂನಲ್ಲೇ ನಿಂತಿದೆ. ಲೋಸಾರ್ (ಟಿಬೆಟಿಯನ್ ಹೊಸ ವರ್ಷ) ಹಬ್ಬ ಮುಗಿಯಲಿ ಮೇಡಂ, ಆಮೇಲೆ ಇಳಿಸ್ತೀನಿ ಎಂದರು, ಒಪ್ಪಿದೆ. ಮುಂದಿನ ಸಲ ಗಂಡನನ್ನೂ ಕರೆತರಬೇಕು. ತನಗೆ ಬಿಪಿಯೇ ಇಲ್ಲ ಎನ್ನುತ್ತಾರಂತೆ ಅವರು. ಒಮ್ಮೆಯೂ ನೋಡಿಸಿಲ್ಲ.