ಕಾಟಾದ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ನಡೆದೀತೇ?

ಈ ಬಾರಿ ಬಂದ ಪತ್ರಗಳಲ್ಲಿ ಮೂರರ ಬೇರು ಒಂದೇ. ಹಳೆಯ ಪ್ರೊಸೆಸರಿಗೆಂದು ಬರೆದ ತಂತ್ರಾಂಶವನ್ನು ಹೊಸ ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ಮೇಲೆ ನಡೆಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಸುಗ್ಗಿ ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಕಾರಟಗಿಯಲ್ಲಿ ನಮ್ಮ ಅಕ್ಕಿ ಗಿರಣಿ ಇದೆ. ಲಾರಿ ತೂಗುವ ಕಾಟಾಕ್ಕೆಂದು 2004ರಲ್ಲಿ ಬರೆಸಿದ ತಂತ್ರಾಂಶವನ್ನೇ ಇಂದಿಗೂ ಬಳಸುತ್ತಿದ್ದೆವು. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಕೆಟ್ಟುಹೋದುದರಿಂದ ವಿಂಡೋಸ್ 11 ಇರುವ ಹೊಸದನ್ನು ತಂದೆವು. ಹಳೆಯ ಫೋಲ್ಡರನ್ನು ನಕಲು ಮಾಡಿ ತೆರೆದರೆ ‘ಎಂಎಸ್‌ಕಾಮ್32’ ಎಂಬ ಓಸಿಎಕ್ಸ್ ಫೈಲು ಇಲ್ಲವೆಂದು 339ನೇ ಸಂಖ್ಯೆಯ ದೋಷ ಬರುತ್ತದೆ. ಅದನ್ನು ಅಂತರ್ಜಾಲದಿಂದ ಇಳಿಸಿಕೊಂಡು ಸಿಸ್ಟಮ್32 ಫೋಲ್ಡರಿಗೆ ಹಾಕಿದರೂ ಅದೇ ತಕರಾರು. ಬರೆದುಕೊಟ್ಟವರು ಈಗ ಸಂಪರ್ಕದಲ್ಲಿಲ್ಲ. 32 ಬಿಟ್ಟಿನದು 64 ಬಿಟ್ಟಿನಲ್ಲಿ ನಡೆಯುವುದೇ ಇಲ್ಲ, ಹೊಸ ತಂತ್ರಾಂಶ ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ನಿಮ್ಮ ತಂತ್ರಾಂಶ ನಡೆಯುವ ಸಂಭವ ಬಹಳಷ್ಟಿದೆ. ಹೊಸದಕ್ಕೆ ಹಣ ತೆರುವ ಮೊದಲು ಅರ್ಧ ದಿನ ಇದರ ಮೇಲೆ ಕುಳಿತು ನೋಡಿ.

ಪ್ರೊಸೆಸರು ಒಂದು ಬಾರಿಗೆ ನಿಭಾಯಿಸುವ ಸಂಖ್ಯೆ ಎಷ್ಟು ದೊಡ್ಡದು ಎಂಬುದರ ಅಳತೆಯೇ ಬಿಟ್ಟು. ಇಂದಿನ 64 ಬಿಟ್ಟಿನ ಪ್ರೊಸೆಸರುಗಳು 32 ಬಿಟ್ಟಿನ ಆಜ್ಞೆಗಳನ್ನು ಮರೆತಿಲ್ಲ. 2003ರ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿ ಆಪ್ಟೆರಾನ್ ಪ್ರೊಸೆಸರನ್ನು ಬಿಡುಗಡೆ ಮಾಡಿದಾಗಲೇ, ಕರ್ನಲ್ 64 ಬಿಟ್ಟಿನದಾಗಿದ್ದರೂ ಅದರ ಅಡಿಯಲ್ಲಿ 32 ಬಿಟ್ಟಿನ ಪ್ರೋಗ್ರಾಮುಗಳು ವೇಗ ಕಳೆದುಕೊಳ್ಳದೆ ನಡೆಯುವಂತೆ ಒಂದು ವಿಶೇಷ ಸ್ಥಿತಿಯನ್ನು ಅದರಲ್ಲಿ ಇಟ್ಟಿತ್ತು. ಬಳಿಕ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಉಳಿಯುವ ತೊಡಕೆಂದರೆ ಪ್ರೋಗ್ರಾಮು ಮತ್ತು ಕರ್ನಲ್ಲಿನ ನಡುವಿನ ಮಾತುಕತೆ. ಫೈಲು ತೆರೆ, ಪೋರ್ಟು ಓದು ಎಂದು ಪ್ರೋಗ್ರಾಮು ಕೇಳುವಾಗ ಸ್ಮೃತಿಯ ವಿಳಾಸಗಳನ್ನು 32 ಬಿಟ್ಟಿನಲ್ಲಿ ಬರೆದು ಕೊಡುತ್ತದೆ, ಆದರೆ ಕರ್ನಲ್ ಅವನ್ನು 64 ಬಿಟ್ಟಿನಲ್ಲಿ ನಿರೀಕ್ಷಿಸುತ್ತದೆ. ವಿಂಡೋಸಿನಲ್ಲಿ ಈ ಎರಡರ ನಡುವೆ ವಾವ್64 ಎಂಬ ದುಭಾಷಿ ಪದರವಿದೆ. ಸೇರು, ಪಾವು ಎಂದು ಕೇಳುವ ಅಜ್ಜಿಗೆ ಕಿರಾಣಿ ಅಂಗಡಿಯ ಹುಡುಗ ಮನಸ್ಸಿನಲ್ಲೇ ಕಿಲೋ ಲೆಕ್ಕ ಹಾಕಿ ತೂಗಿಕೊಡುವ ಹಾಗೆ ಅದು ಪ್ರತಿಯೊಂದು ಕೋರಿಕೆಯನ್ನೂ ಬದಲಿಸಿ ಒಳಗೆ ಕಳಿಸುತ್ತದೆ.

ನಿಮ್ಮ 339ನೇ ದೋಷಕ್ಕೆ ಕಾರಣ ಈ ದುಭಾಷಿಯ ಒಂದು ವಿಚಿತ್ರ ಏರ್ಪಾಡು. ಆ ಸಂಖ್ಯೆ ಮತ್ತು ಆ ಫೈಲಿನ ಹೆಸರು ಸೇರಿದರೆ, ತಂತ್ರಾಂಶವನ್ನು 1998ರ ವಿಷುಯಲ್ ಬೇಸಿಕ್ 6ರಲ್ಲಿ ಬರೆದಿದ್ದಾರೆ ಎಂದು ಹೆಚ್ಚುಕಡಿಮೆ ಧೈರ್ಯದಿಂದ ಹೇಳಬಹುದು. ಆ ಭಾಷೆಯ ಮೂಲ ಆಧಾರ ಫೈಲುಗಳು ವಿಂಡೋಸ್ 11ರ ಜೊತೆಗೇ ಬರುತ್ತವೆ, ಆದರೆ ಸೀರಿಯಲ್ ಪೋರ್ಟನ್ನು ಓದುವ ಎಂಎಸ್‌ಕಾಮ್32 ಬರುವುದಿಲ್ಲ. ಅದನ್ನು ತಂತ್ರಾಂಶ ಬರೆದವರೇ ಜೊತೆಗೆ ಕೊಡಬೇಕಿತ್ತು. ನೀವು ಅದನ್ನು ಸಿಸ್ಟಮ್32ರಲ್ಲಿ ಹಾಕಿದ್ದೀರಿ. ಹೆಸರಿನಲ್ಲಿ 32 ಇದ್ದರೂ 64 ಬಿಟ್ಟಿನ ವಿಂಡೋಸಿನಲ್ಲಿ ಆ ಫೋಲ್ಡರು 64 ಬಿಟ್ಟಿನ ಫೈಲುಗಳಿಗೆ ಮೀಸಲು, ಮತ್ತು ಹೆಸರಿನಲ್ಲಿ 64 ಇರುವ ಸಿಸ್‌ವಾವ್64 ಎಂಬುದು 32 ಬಿಟ್ಟಿನ ಫೈಲುಗಳ ಮನೆ. ಹೀಗೆ ಹೆಸರಿಟ್ಟವರನ್ನು ಎಷ್ಟು ಬೈದರೂ ಕಡಿಮೆಯೇ, ಆದರೂ ಅದಕ್ಕೊಂದು ಕಾರಣವಿದೆ. ಸಿಸ್ಟಮ್32 ಎಂಬ ಹೆಸರನ್ನು ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ತಮ್ಮೊಳಗೆ ಬರೆದುಕೊಂಡಿದ್ದವು. ಅವನ್ನು 64 ಬಿಟ್ಟಿಗೆ ಬದಲಿಸುವಾಗ ಆ ಹೆಸರು ಹಾಗೆಯೇ ಇರಲಿ ಎಂದು ಉಳಿಸಿಕೊಂಡರು. ನಿಮ್ಮ 32 ಬಿಟ್ಟಿನ ಪ್ರೋಗ್ರಾಮು ಸಿಸ್ಟಮ್32ರಲ್ಲಿ ಹುಡುಕಲು ಹೋದರೆ ದುಭಾಷಿ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ಕರೆದೊಯ್ಯುತ್ತದೆ, ಅಲ್ಲಿ ನೀವು ಹಾಕಿದ ಫೈಲು ಇಲ್ಲ.

ಆದ್ದರಿಂದ ಫೈಲನ್ನು ಸಿಸ್‌ವಾವ್64ರಲ್ಲಿ ಇಡಿ. ಬಳಿಕ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರಿನಲ್ಲಿರುವ ರೆಗ್‌ಸರ್ವರ್32 (regsvr32) ಆಜ್ಞೆಯಿಂದ ಅದನ್ನು ನೋಂದಾಯಿಸಿ. ಇಂಥ ಫೈಲುಗಳ ವೇಷದಲ್ಲಿ ವೈರಸ್ ಹಂಚುವ ಜಾಲತಾಣಗಳು ಇರುವುದರಿಂದ ಅಂತರ್ಜಾಲದಿಂದ ತಂದುದನ್ನು ಅಳಿಸಿ, ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಿಂದಲೇ ತೆಗೆದುಕೊಳ್ಳಿ. ಹಳೆಯ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯೊಂದಕ್ಕೆ ಹಾಕಿ ಜೋಡಿಸಿದರೆ ಸಾಕು, ಕಂಪ್ಯೂಟರು ಕೆಟ್ಟಿದ್ದರೂ ಡಿಸ್ಕು ಬಹುಪಾಲು ಬದುಕಿರುತ್ತದೆ.

ಇದಾದ ಮೇಲೆ ಪರದೆ ತೆರೆದುಕೊಂಡರೂ ತೂಕ ಸೊನ್ನೆಯಲ್ಲೇ ನಿಂತರೆ ಗಾಬರಿಯಾಗಬೇಡಿ. ಹೊಸ ಕಂಪ್ಯೂಟರುಗಳಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು ಅಪರೂಪ, ಹಾಗಾಗಿ ಕಾಟಾದ ಇಂಡಿಕೇಟರಿನ ಕೇಬಲನ್ನು ನೀವು ಯುಎಸ್‌ಬಿ ಕನ್ವರ್ಟರಿನ ಮೂಲಕವೇ ಜೋಡಿಸಿರುತ್ತೀರಿ. ವಿಂಡೋಸ್ ಅದಕ್ಕೆ ಕಾಮ್ 5, ಕಾಮ್ 7 ಎಂದು ತನಗೆ ತೋಚಿದ ಸಂಖ್ಯೆ ಕೊಡುತ್ತದೆ, ನಿಮ್ಮ ತಂತ್ರಾಂಶವಾದರೋ ಕಾಮ್ 1ರ ಬಾಗಿಲಲ್ಲೇ ಕಾದು ಕುಳಿತಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗಿಗೆ ಹೋಗಿ ಸಂಖ್ಯೆಯನ್ನು 1ಕ್ಕೆ ಬದಲಿಸಿ.

ಇಲ್ಲಿಯೇ ದುಭಾಷಿಯ ಮಿತಿಯನ್ನೂ ಹೇಳಬೇಕು. ಅದು ನಿಲ್ಲುವುದು ಕರ್ನಲ್ಲಿನ ಹೊಸ್ತಿಲ ಮೇಲೆ, ಒಳಗೆ ಅದಕ್ಕೆ ಪ್ರವೇಶವಿಲ್ಲ. ಯಂತ್ರಭಾಗಗಳನ್ನು ನಡೆಸುವ ಡ್ರೈವರುಗಳು ಕರ್ನಲ್ಲಿನೊಳಗೇ ಇರುವುದರಿಂದ ಅವು 64 ಬಿಟ್ಟಿನವೇ ಆಗಿರಬೇಕು, ಅಧಿಕೃತ ಡಿಜಿಟಲ್ ಸಹಿಯನ್ನೂ ಹೊಂದಿರಬೇಕು. ಹತ್ತು ಹದಿನೈದು ವರ್ಷ ಹಳೆಯ ಕನ್ವರ್ಟರಿಗೆ ಅಂಥ ಡ್ರೈವರು ಸಿಗದಿದ್ದರೆ ಅದರೊಡನೆ ಗುದ್ದಾಡುವುದಕ್ಕಿಂತ ಹೊಸ ಕನ್ವರ್ಟರು ಕೊಳ್ಳುವುದು ಲಾಭ. ತಂತ್ರಾಂಶದ ಬೀಗವಾಗಿ ಹಳೆಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇದ್ದರೆ ಮಾತ್ರ ಕಷ್ಟ. ಅದರ ತಯಾರಕರು 64 ಬಿಟ್ಟಿನ ಡ್ರೈವರು ಕೊಟ್ಟಿರದಿದ್ದರೆ ಬೀಗ ತೆರೆಯುವುದಿಲ್ಲ, ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟು ಮಾಡಿಕೊಡುವ ಕೇಬಲುಗಳೂ ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಡಾಂಗಲಿನ ಮಾತಿಲ್ಲ, ಇಲ್ಲವೆಂದೇ ಭಾವಿಸುತ್ತೇನೆ.

ಕೊನೆಯದಾಗಿ, ತಂತ್ರಾಂಶವನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಇಡಬೇಡಿ. ಸಿರುಗುಪ್ಪದ ಕಡೆಯ ಒಂದು ಗಿರಣಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹಗಲು ಪಾಳಿಯ ಗುಮಾಸ್ತರು ತಮ್ಮ ಲಾಗಿನ್ನಿನಲ್ಲಿಯೂ ರಾತ್ರಿಯವರು ತಮ್ಮ ಲಾಗಿನ್ನಿನಲ್ಲಿಯೂ ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರು ಚಾಲಕರು ಒಂದೇ ಸಂಖ್ಯೆಯ ಎರಡು ತೂಕದ ಚೀಟಿಗಳನ್ನು ಹಿಡಿದು ಕಾಟಾದ ಕೋಣೆಯ ಕಿಟಕಿಯ ಮುಂದೆ ನಿಂತಿದ್ದರು. ಒಂದರಲ್ಲಿ ಭತ್ತದ ಲೋಡು, ಇನ್ನೊಂದರಲ್ಲಿ ತೌಡು. ಗುಮಾಸ್ತರ ಮೇಲೆ ಅನುಮಾನ ಹೋಗಿತ್ತು, ಆದರೆ ತಪ್ಪು ಅವರದಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ಪ್ರೋಗ್ರಾಮ್ ಫೈಲ್ಸಿನೊಳಗೆ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಹಳೆಯ 32 ಬಿಟ್ಟಿನ ಪ್ರೋಗ್ರಾಮು ಬರೆಯಲು ಹೋದರೆ ವಿಂಡೋಸ್ ಅದನ್ನು ತಡೆಯುವ ಬದಲು, ಆಯಾ ಬಳಕೆದಾರರ ಖಾತೆಯೊಳಗೆ ವರ್ಚುವಲ್ ಸ್ಟೋರ್ ಎಂಬ ಮರೆಯ ಫೋಲ್ಡರಿನಲ್ಲಿ ಬೇರೊಂದು ಪ್ರತಿಯನ್ನು ಮಾಡಿ ಅದರಲ್ಲಿ ಬರೆಸುತ್ತದೆ. ಹೀಗೆ ಇಬ್ಬರಿಗೂ ಬೇರೆ ಬೇರೆ ಲೆಕ್ಕದ ಪುಸ್ತಕಗಳು ಹುಟ್ಟಿಕೊಂಡಿದ್ದವು. ಸಿ ಡ್ರೈವಿನಲ್ಲಿ ನೇರವಾಗಿ ‘ಕಾಟಾ’ ಎಂಬ ಫೋಲ್ಡರು ಮಾಡಿ, ಎಲ್ಲರಿಗೂ ಬರೆಯುವ ಅನುಮತಿ ಕೊಟ್ಟು, ಅಲ್ಲಿಂದ ನಡೆಸಿದರೆ ಈ ರಗಳೆ ಇರುವುದಿಲ್ಲ.

ಪ್ರಶ್ನೆ: ರಾಯಚೂರಿನ ನಮ್ಮ ಹತ್ತಿ ಅಡತಿ ಅಂಗಡಿಯ ಇಪ್ಪತ್ತೈದು ವರ್ಷಗಳ ಲೆಕ್ಕವೆಲ್ಲ ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಕಾಲದ ಒಂದು ಪ್ರೋಗ್ರಾಮಿನಲ್ಲಿದೆ. ವಿಂಡೋಸ್ 11ರಲ್ಲಿ ತೆರೆದರೆ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯದು ಎಂಬ ಸಂದೇಶ ಬರುತ್ತದೆ. ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ಎಲ್ಲ ಆಯ್ಕೆಗಳನ್ನೂ ಪ್ರಯತ್ನಿಸಿದ್ದಾಯಿತು.

ಉತ್ತರ: ಆ ಆಯ್ಕೆಗಳಿಂದ ನಿಮಗೆ ಪ್ರಯೋಜನವಿಲ್ಲ. ಮೇಲಿನವರದು 32 ಬಿಟ್ಟಿನದು, ನಿಮ್ಮದು 16 ಬಿಟ್ಟಿನದು. ಇವೆರಡರ ಗತಿ ಬೇರೆ ಬೇರೆ. ಡಾಸ್ ಪ್ರೋಗ್ರಾಮುಗಳು 1978ರ ಇಂಟೆಲ್ 8086 ಪ್ರೊಸೆಸರಿನ ರೀತಿಯಲ್ಲಿ ಸ್ಮೃತಿಯನ್ನು ಬಳಸುತ್ತವೆ. 1985ರ 80386ರಲ್ಲಿ ಆ ಹಳೆಯ ಪ್ರೊಸೆಸರಿನ ಪಾತ್ರವನ್ನು ಅಭಿನಯಿಸುವ ಒಂದು ಸ್ಥಿತಿ ಇತ್ತು, 32 ಬಿಟ್ಟಿನ ವಿಂಡೋಸುಗಳು ಅದನ್ನೇ ನೆಚ್ಚಿ ಡಾಸ್ ನಡೆಸುತ್ತಿದ್ದವು. ಕರ್ನಲ್ 64 ಬಿಟ್ಟಿನದಾದಾಗ ಪ್ರೊಸೆಸರು ಆ ಸ್ಥಿತಿಗೆ ಹೋಗಲಾರದು. ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಹಾಗೆಂದು ಲೆಕ್ಕ ಮುಳುಗಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಳೆಯ ಪ್ರೊಸೆಸರನ್ನೇ ಒಂದೊಂದು ಆಜ್ಞೆಯಾಗಿ ಅನುಕರಿಸುತ್ತದೆ, ಆದ್ದರಿಂದ ಕೆಳಗಿನ ಕರ್ನಲ್ ಎಷ್ಟು ಬಿಟ್ಟಿನದಾದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಅದನ್ನು ಮಾಡಿದ್ದು ಆಟಗಳಿಗಾಗಿ. ಅಂಗಡಿಗೆ ಬೇಕಾದ ಮುದ್ರಣದ ಸೌಕರ್ಯ ಅದರ ಕವಲಾದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಉತ್ತಮವಾಗಿದೆ. ಇಬ್ಬರು ಏಕಕಾಲಕ್ಕೆ ಒಂದೇ ಖಾತೆ ತೆರೆಯುವ ಪದ್ಧತಿ ನಿಮ್ಮಲ್ಲಿದ್ದರೆ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು (ವರ್ಚುವಲ್ ಮಷೀನ್) ಸೃಷ್ಟಿಸುವ ವರ್ಚುವಲ್‌ಬಾಕ್ಸಿನಲ್ಲಿ ಹಳೆಯ 32 ಬಿಟ್ಟಿನ ವಿಂಡೋಸನ್ನು ಸ್ಥಾಪಿಸಿ, ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡದೆ, ಅದರೊಳಗೆ ನಡೆಸುವುದನ್ನೇ ನಾನು ಮೆಚ್ಚುತ್ತೇನೆ. ಲೆಕ್ಕದ ಫೈಲುಗಳ ಹೆಸರು ಡಿಬಿಎಫ್ ಎಂದು ಮುಗಿಯುತ್ತಿದ್ದರೆ ಅವುಗಳ ನಕಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ನೋಡಬಹುದು, ಹಳೆಯ ಬಾಕಿ ಹುಡುಕುವಷ್ಟಕ್ಕೆ ಪ್ರೋಗ್ರಾಮಿನ ಹಂಗೇ ಬೇಡ.

ಯಾವುದು ಎಷ್ಟು ಬಿಟ್ಟಿನದು ಎಂದು ತಿಳಿಯಲು ಒಂದು ಉಪಾಯ: ಇಎಕ್ಸ್‌ಇ ಫೈಲಿನ ನಕಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಉಳಿಸದೆ ಮುಚ್ಚಿ. ಮೊದಲೆರಡು ಅಕ್ಷರ ಯಾವಾಗಲೂ ಎಂ, ಝಡ್. ಡಾಸ್‌ನ ಈ ಫೈಲು ವಿನ್ಯಾಸವನ್ನು ರೂಪಿಸಿದ ಮೈಕ್ರೋಸಾಫ್ಟಿನ ಎಂಜಿನಿಯರ್ ಮಾರ್ಕ್ ಜ್ಬಿಕೋವ್ಸ್ಕಿಯವರು ಬಿಟ್ಟುಹೋದ ಹಸ್ತಾಕ್ಷರ ಅದು. ಸ್ವಲ್ಪ ಕೆಳಗೆ ಪಿ, ಇ ಎಂದಿದ್ದು ಅದರ ನಂತರ ಎಲ್ ಬಂದರೆ 32 ಬಿಟ್ಟಿನದು, ಡಿ ಬಂದರೆ 64 ಬಿಟ್ಟಿನದು. ಎನ್, ಇ ಎಂದಿದ್ದರೆ ವಿಂಡೋಸ್ 3.1ರ ಕಾಲದ 16 ಬಿಟ್ಟಿನದು. ಯಾವುದೂ ಇಲ್ಲದಿದ್ದರೆ ಅಚ್ಚ ಡಾಸ್. ಸೆಟಪ್ ಫೈಲು 16 ಬಿಟ್ಟಿನದಾಗಿದ್ದು ಒಳಗಿನ ತಂತ್ರಾಂಶ 32 ಬಿಟ್ಟಿನದಾಗಿರುವ ಸಂದರ್ಭಗಳೂ ಉಂಟು; ಆಗ ಸೆಟಪ್ಪನ್ನು ಬಿಟ್ಟು ಹಳೆಯ ಕಂಪ್ಯೂಟರಿನಿಂದ ಫೋಲ್ಡರನ್ನೇ ತಂದರೆ ಕೆಲಸವಾಗುವುದುಂಟು.

ಪ್ರಶ್ನೆ: ಬಳ್ಳಾರಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೇನೆ. ಹಳೆಯ ಲಿನಕ್ಸಿನಲ್ಲಿ ನಡೆಯುತ್ತಿದ್ದ 32 ಬಿಟ್ಟಿನ ಒಂದು ಪ್ರೋಗ್ರಾಮನ್ನು ಹೊಸ 64 ಬಿಟ್ಟಿನ ಡೆಬಿಯನ್ ಲಿನಕ್ಸಿಗೆ ತಂದೆ. ಫೈಲು ಕಣ್ಣೆದುರಿಗೇ ಇದ್ದರೂ, ನಡೆಸಲು ಹೋದರೆ ಅಂಥ ಫೈಲು ಇಲ್ಲವೆಂದು ಟರ್ಮಿನಲ್ ಹೇಳುತ್ತದೆ. ಏಕೆ?

ಉತ್ತರ: ಇಲ್ಲವೆಂದು ಅದು ಹೇಳುತ್ತಿರುವುದು ನಿಮ್ಮ ಪ್ರೋಗ್ರಾಮಿನ ಬಗ್ಗೆ ಅಲ್ಲ, ಅದನ್ನು ಎತ್ತಿ ನಿಲ್ಲಿಸಬೇಕಾದ ಲೋಡರಿನ ಬಗ್ಗೆ. ಪ್ರತಿ ಪ್ರೋಗ್ರಾಮಿನೊಳಗೂ ತನ್ನ ಲೋಡರಿನ ವಿಳಾಸ ಬರೆದಿರುತ್ತದೆ, 32 ಬಿಟ್ಟಿನ ಆ ಲೋಡರು 64 ಬಿಟ್ಟಿನ ಸ್ಥಾಪನೆಯಲ್ಲಿ ತಾನಾಗಿ ಇರುವುದಿಲ್ಲ. ಡಿಪಿಕೆಜಿ ಆಜ್ಞೆಯಿಂದ ಐ386 (32 ಬಿಟ್ಟಿನ) ಆರ್ಕಿಟೆಕ್ಚರನ್ನು ಸೇರಿಸಿ, ಪ್ಯಾಕೇಜುಗಳ ಪಟ್ಟಿಯನ್ನು ನವೀಕರಿಸಿ, ಲಿಬ್‌ಸಿ6 ಎಂಬ ಮೂಲ ಲೈಬ್ರರಿಯ ಐ386 ಆವೃತ್ತಿಯನ್ನೂ ಪ್ರೋಗ್ರಾಮು ಕೇಳುವ ಇತರ ಲೈಬ್ರರಿಗಳನ್ನೂ ಸ್ಥಾಪಿಸಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಐ386 ಕರ್ನಲ್ಲೂ ಅದರ ಇನ್‌ಸ್ಟಾಲರೂ ಇಲ್ಲವಾದರೂ, 64 ಬಿಟ್ಟಿನ ಕರ್ನಲ್ಲಿನ ಮೇಲೆ ಹಳೆಯ ಪ್ರೋಗ್ರಾಮುಗಳನ್ನು ನಡೆಸಲೆಂದೇ ಆ ಪ್ಯಾಕೇಜುಗಳನ್ನು ಉಳಿಸಿಕೊಂಡಿದ್ದಾರೆ. ಹಳೆಯ ಇನ್‌ಸ್ಟಾಲ್ ಸ್ಕ್ರಿಪ್ಟು ಯಂತ್ರದ ಹೆಸರನ್ನು ನೋಡಿ ಹಿಂಜರಿದರೆ, ಅದನ್ನು ಲಿನಕ್ಸ್32 ಎಂಬ ಆಜ್ಞೆಯ ಮೂಲಕ ನಡೆಸಿ. ಆಗ ಕರ್ನಲ್ ತಾನು ಐ686, ಅಂದರೆ 32 ಬಿಟ್ಟಿನ ಯಂತ್ರ, ಎಂದು ಹೇಳಿಕೊಳ್ಳುತ್ತದೆ.

ಪ್ರೋಗ್ರಾಮು ತೆರೆದ ಮೇಲೂ ಕೆಲವು ಫೈಲುಗಳನ್ನು ಮಾತ್ರ ಓದಲಾರದೆ, ಮೌಲ್ಯ ಅತಿ ದೊಡ್ಡದು ಎಂಬ ಅರ್ಥದ ದೋಷ ತೋರಿಸಬಹುದು. ದೊಡ್ಡ ಡಿಸ್ಕುಗಳಲ್ಲಿ, ಅದರಲ್ಲೂ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ, ಫೈಲಿಗೆ ಕೊಡುವ ಐನೋಡ್ ಸಂಖ್ಯೆ 32 ಬಿಟ್ಟನ್ನು ಮೀರಬಲ್ಲದು. ಹಳೆಯ ಪ್ರೋಗ್ರಾಮಿನ ಚಿಕ್ಕ ಪಾತ್ರೆಯಲ್ಲಿ ಅದು ಹಿಡಿಸುವುದಿಲ್ಲ. ಅಂಥ ಫೈಲುಗಳನ್ನು ಎಕ್ಸ್ಟ್4 ಕಡತ ವ್ಯವಸ್ಥೆ ಇರುವ ಪುಟ್ಟ ಪಾರ್ಟಿಷನ್ನಿಗೆ ಸಾಗಿಸಿದರೆ ಸರಿಹೋಗುತ್ತದೆ.

ಸಮಯದ ಪಾತ್ರೆಗೂ ಇದೇ ಕೊರತೆ ಇದೆ, ಅದನ್ನು ಹೊರಗಿನಿಂದ ಸರಿಪಡಿಸಲಾಗದು. 32 ಬಿಟ್ಟಿನಲ್ಲಿ ಸೆಕೆಂಡುಗಳನ್ನು ಎಣಿಸುವ ಹಳೆಯ ಪ್ರೋಗ್ರಾಮಿನ ಗಡಿಯಾರ 2038ರ ಜನವರಿ 19ರ ಮಂಗಳವಾರ ನಮ್ಮ ಸಮಯದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿ, ಮರುಕ್ಷಣ 1901ಕ್ಕೆ ಹಾರುತ್ತದೆ. ಕರ್ನಲ್ ಎಷ್ಟೇ ಹೊಸದಾದರೂ ಹಳೆಯ ಕೋರಿಕೆಗೆ ಹಳೆಯ ಅಳತೆಯಲ್ಲೇ ಉತ್ತರ ಕೊಡಬೇಕಲ್ಲ. ನಿಮ್ಮ ಪ್ರೋಗ್ರಾಮು ಮುಂದಿನ ವರ್ಷಗಳ ದಿನಾಂಕಗಳನ್ನು ಲೆಕ್ಕ ಹಾಕುವಂಥದಾಗಿದ್ದರೆ, ವರ್ಚುವಲ್ ಮಷೀನಿನಲ್ಲಿ ಗಡಿಯಾರವನ್ನು ಆ ದಿನಕ್ಕೆ ತಿರುಗಿಸಿ, ಏನಾಗುತ್ತದೆ ಎಂಬುದನ್ನು ಈ ವಾರವೇ ನೋಡಿಕೊಳ್ಳಿ.